ಮಾತಾಡದ ನಾಯಕಿ: ಒಬ್ಬ ತಮ್ಮನಿಗೆ ಪತ್ರ

ಪ್ರೀತಿಯ ತಮ್ಮಾ,

ನಿನ್ನ ವಿಡಿಯೋ ಗೇಮ್ ಆಟದ ಸ್ಕ್ರಿಪ್ಟ್ ಪೂರ್ತಿ ಓದಿದೆ. ಜೊತೆಗೆ ಕಳಿಸಿದ ಆ ಉದ್ದದ ಇಮೇಲನ್ನೂ ಓದಿದೆ. ಸ್ಕ್ರಿಪ್ಟ್ ಇಷ್ಟವಾಯಿತು, ಇಮೇಲ್ ಓದಿ ಸಿಟ್ಟು ಬಂತು. ನಾಯಕಿ ಬಾಯೇ ಬಿಡುವುದಿಲ್ಲ ಅಂತ ಗೆಳೆಯರು ನಗುತ್ತಾರಂತೆ. ಧ್ವನಿ ಕೊಡಿಸಲು ದುಡ್ಡಿಲ್ಲವಂತೆ. ಅದಕ್ಕೆ ಬರೆಯುವುದನ್ನೇ ಬಿಟ್ಟುಬಿಡಲಾ ಅಂತ ನನ್ನನ್ನು ಕೇಳುತ್ತೀಯ. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಕಳೆದುಕೊಂಡ ಅಜ್ಜಿ, ಅವಳ ಕಾಗದಪತ್ರ ಹಿಡಿದು ಸಾಗರದ ಕಚೇರಿಗೆ ಅಲೆಯುವ ಮೊಮ್ಮಗಳು, ಇಂಥ ಕಥೆಯನ್ನು ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಆಡುವವರೇ ಪಾತ್ರವಾಗಿ ಮಾತು ಆರಿಸುತ್ತಾ ಹೋಗುವ ಆಟ, ಮಾಡಲು ಹೊರಟವನು ನೀನು. ಇಷ್ಟಕ್ಕೆಲ್ಲ ಹೆದರಿದರೆ ಹೇಗೋ?

ಯಾವ ಸಾಫ್ಟ್‌ವೇರ್, ಯಾವ ಫಾರ್ಮ್ಯಾಟ್, ಒಂದು ದೃಶ್ಯಕ್ಕೆ ಎಷ್ಟು ಪುಟ ಅಂತೆಲ್ಲ ಕೇಳಿದ್ದೀಯ. ಅದನ್ನೆಲ್ಲ ಯೂಟ್ಯೂಬ್‌ನಲ್ಲಿ ನನಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ, ನೋಡಿಕೋ. ಧ್ವನಿ ಇಲ್ಲದ ನಾಯಕಿ ಹಳೇ ಕಾಲದ್ದು ಅನ್ನುವ ಗೆಳೆಯರಿಗೆ ಮಾತ್ರ ಒಂದು ಉತ್ತರ ಕೊಡುತ್ತೇನೆ. 2023ರ ಬಾಲ್ಡರ್ಸ್ ಗೇಟ್ 3 ಅನ್ನುವ ಆಟದಲ್ಲಿ ಊರಿಗೆಲ್ಲ ಧ್ವನಿ ಇದೆ. ಆದರೆ ನಾವು ಆರಿಸಿದ ಸಾಲನ್ನು ನಮ್ಮ ಪಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಸಾಲು ಪರದೆ ಮೇಲೆ ಕಾಣುತ್ತದೆ, ಎದುರಿನವರು ಅದಕ್ಕೆ ಉತ್ತರ ಕೊಡುತ್ತಾರೆ, ಅಷ್ಟೇ. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅನ್ನಿಸಿಕೊಂಡದ್ದು ಅದೇ. ನಿನ್ನ ಗೆಳೆಯರೂ ಆಡಿರುತ್ತಾರೆ, ಗಮನಿಸಿಲ್ಲ.

ಈಗ ನನಗೆ ಹೇಳಬೇಕಾದ್ದಕ್ಕೆ ಬರುತ್ತೇನೆ. ಆಟಗಾರನ ಮುಂದೆ ಮೂರು ಉತ್ತರ ಇಟ್ಟು, ಅವನು ಯಾವುದನ್ನು ಒತ್ತಿದರೂ ಕಿವಿಗೇ ಹಾಕಿಕೊಳ್ಳದಿರುವುದು, ಉಣ್ಣಲು ಕರೆದು ಎಲೆ ಹಾಕದೆ ಕೂರಿಸಿದ ಹಾಗೆ. ನಾಯಕಿಗೆ ಧ್ವನಿ ಇದೆಯೋ ಇಲ್ಲವೋ ಅನ್ನುವುದು ನನಗೆ ಆಮೇಲಿನ ಮಾತು.

1986ರ ಡ್ರ್ಯಾಗನ್ ಕ್ವೆಸ್ಟ್ ನೋಡು. ಜಪಾನಿನ ಯೂಜಿ ಹೋರಿಯಿ ಮಾಡಿದ ಆಟ. ಅದರ ನಾಯಕ ಮೂಗ. ಅವನಿಗಿರುವುದು ಹೌದು, ಇಲ್ಲ, ಎರಡೇ. ಸೆರೆಯಿಂದ ಬಿಡಿಸಿದ ರಾಜಕುಮಾರಿ ನನ್ನನ್ನು ಅರಮನೆಗೆ ಕರೆದುಕೊಂಡು ಹೋಗುತ್ತೀಯಾ ಅನ್ನುತ್ತಾಳೆ. ಇಲ್ಲ ಅಂದರೆ ಅಯ್ಯೋ ಹಾಗನ್ನಬಾರದು ಅಂತ ಮತ್ತೆ ಅದನ್ನೇ ಕೇಳುತ್ತಾಳೆ. ನೀನು ಹೌದು ಅನ್ನುವ ತನಕ ಬಿಡುವುದಿಲ್ಲ. ಜನ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ. ಅದೇ ಆಟದ ಕೊನೆಯಲ್ಲಿ ಡ್ರ್ಯಾಗನ್‌ಲಾರ್ಡ್ ಅನ್ನುವ ದುಷ್ಟ, ಅರ್ಧ ಲೋಕ ಕೊಡುತ್ತೇನೆ, ನನ್ನ ಕಡೆ ಬರುತ್ತೀಯಾ ಅಂತಾನೆ. ಹೌದು ಅಂದುಬಿಟ್ಟರೆ ಅಲ್ಲಿಗೆ ಕಥೆ ಮುಗಿಯಿತು. ಅಷ್ಟು ದೂರ ನಡೆದು ಬಂದದ್ದೆಲ್ಲ ಹೋಯಿತು. ಬಾಯಿಲ್ಲದ ಅದೇ ನಾಯಕ, ಅದೇ ಎರಡು ಪದ. ಒಂದು ಕಡೆ ಆಟ ಕಿವುಡು, ಇನ್ನೊಂದು ಕಡೆ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಹಿಡಿದುಕೊಳ್ಳುತ್ತದೆ. ನೀನು ಬರೆಯಲು ಕೂತಾಗ ಈ ಎರಡೂ ತಲೆಯಲ್ಲಿರಲಿ.

1999ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್ ಆಡಿದ್ದೀಯಾ? ಆಡಿರಲ್ಲ, ಗೊತ್ತು. ಸುಮಾರು 8 ಲಕ್ಷ ಪದಗಳ ಆಟ, ಬಹುಪಾಲು ಓದುವುದೇ. ನೆನಪು ಕಳೆದುಕೊಂಡ, ಸಾವಿಲ್ಲದ ಒಬ್ಬ ಮನುಷ್ಯ ಶವಾಗಾರದಲ್ಲಿ ಎಚ್ಚರಗೊಳ್ಳುತ್ತಾನೆ. ಅದರಲ್ಲಿ ಕೆಲವು ಕಡೆ ಒಂದೇ ವಾಕ್ಯ ಎರಡು ಸಲ ಇರುತ್ತದೆ. ಒಂದರ ಶುರುವಿಗೆ ‘ನಿಜ’ ಅಂತ, ಇನ್ನೊಂದರ ಶುರುವಿಗೆ ‘ಸುಳ್ಳು’ ಅಂತ. ನಿನಗೆ ಸಹಾಯ ಮಾಡುತ್ತೇನೆ ಅನ್ನುವುದನ್ನು ಮನಸ್ಸಿನಿಂದ ಹೇಳುತ್ತಿದ್ದೀಯೋ, ಸುಮ್ನೆ ಸಾಗಹಾಕಲು ಹೇಳುತ್ತಿದ್ದೀಯೋ, ಎದುರಿನವನಿಗೆ ಗೊತ್ತಾಗುವುದಿಲ್ಲ. ಆಟಕ್ಕೆ ಗೊತ್ತಾಗುತ್ತದೆ. ಅದು ನಿನ್ನ ಸ್ವಭಾವದ ಲೆಕ್ಕಕ್ಕೆ ಸೇರುತ್ತದೆ. ಯೋಚಿಸು, ಇದನ್ನು ಒಬ್ಬ ನಟ ಹೇಗೆ ಹೇಳಬೇಕು? ಅವನು ಒಂದು ಭಾವ ಹಿಡಿಯಲೇಬೇಕು, ಹಿಡಿದ ಕೂಡಲೇ ಗುಟ್ಟು ಹೊರಬೀಳುತ್ತದೆ. ಅಕ್ಷರದಲ್ಲಿದ್ದರೆ ಆ ಭಾವ ಆಟಗಾರನ ಹತ್ತಿರವೇ ಉಳಿಯುತ್ತದೆ.

ನಿನ್ನ ಕಥೆಗಂತೂ ಇದು ಇನ್ನೂ ಹತ್ತಿರದ್ದು. ಸಾಗರದ ಕಡೆ ಬಾಯಿ ಬಿಟ್ಟರೆ ಸಾಕು, ಹವ್ಯಕರ ಮನೆಯವಳೋ ದೀವರ ಮನೆಯವಳೋ, ಜಾತಿ ಯಾವುದು ಅಂತ ಕೇಳುವವನಿಗೆ ಗೊತ್ತಾಗಿಬಿಡುತ್ತದೆ. ನೀನು ಬೇಕಂತಲೇ ಅದನ್ನು ಹೇಳದೆ ಬಿಟ್ಟಿದ್ದೀಯ, ಆಟಗಾರನೇ ತೀರ್ಮಾನಿಸಲಿ ಅಂತ. ಧ್ವನಿ ಬಂದ ದಿನ ಆ ತೀರ್ಮಾನ ಸ್ಟುಡಿಯೋದಲ್ಲಿ ಆಗಿರುತ್ತದೆ. ಅಥವಾ, ಅದಕ್ಕಿಂತ ಕೆಟ್ಟದ್ದು, ಎಲ್ಲಿಯದೂ ಅಲ್ಲದ ಟಿವಿ ಜಾಹೀರಾತಿನ ಕನ್ನಡ ಮಾತಾಡುತ್ತಾಳೆ.

ಈ ಹುಚ್ಚು ನನಗೆ ಪುಸ್ತಕ ಓದಿ ಹಿಡಿದದ್ದಲ್ಲ. ಹಿಂದೆ ಒಂದು ಕಂಪನಿಗೆ ಆಟದ ಸಂಭಾಷಣೆ ಬರೆದುಕೊಟ್ಟಿದ್ದೆ. ಹೆಸರು ಬೇಡ. ನಾಯಕಿಗೆ ಪ್ರತಿ ಸಂದರ್ಭದಲ್ಲೂ ಒಂದು ‘ಆಗಲ್ಲ’ ಬರೆದಿದ್ದೆ. ಹಾಗಂದರೆ ಕಥೆ ಸ್ವಲ್ಪ ಬೇರೆ ದಾರಿಯಲ್ಲಿ ಹೋಗಿ ಬರುತ್ತಿತ್ತು. ಆಮೇಲೆ ರೆಕಾರ್ಡಿಂಗ್ ಲೆಕ್ಕ ಬಂತು, ಸಾಲಿಗೆ ಇಷ್ಟು ಅಂತ. ಮೊದಲು ಕತ್ತರಿ ಬಿದ್ದದ್ದು ‘ಆಗಲ್ಲ’ಗಳಿಗೆ. ಉಳಿದದ್ದು ಮೂರು ಥರದ ‘ಹೂಂ’. ನಗುತ್ತಾ ಹೂಂ, ಗೊಣಗುತ್ತಾ ಹೂಂ, ಕೊಂಕು ಮಾತಾಡಿ ಹೂಂ. ಧ್ವನಿ ಕೊಟ್ಟ ಹುಡುಗಿ ಬಹಳ ಚೆನ್ನಾಗಿ ಮಾಡಿದಳು, ಅವಳ ಮೇಲೆ ನನಗೇನೂ ಇಲ್ಲ. ಆಟ ಬಂದಾಗ ಎಲ್ಲರೂ ಎಂಥ ವಾಯ್ಸ್, ಎಂಥ ವಾಯ್ಸ್ ಅಂತ ಹೊಗಳಿದರು. ಆ ಹೊಗಳಿಕೆ ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಬೆಥೆಸ್ಡಾ ಕಂಪನಿಯವರು 2015ರ ಫಾಲ್‌ಔಟ್ 4ರಲ್ಲಿ ನಾಯಕನಿಗೂ ನಾಯಕಿಗೂ ತಲಾ 13,000ದಷ್ಟು ಸಾಲು ರೆಕಾರ್ಡ್ ಮಾಡಿಸಿದರು. ಮಾತಿನ ಆಯ್ಕೆ ನಾಲ್ಕೇ ನಾಲ್ಕಕ್ಕೆ ಇಳಿಯಿತು, ಅದೂ ಒಂದೆರಡು ಪದದ ತುಣುಕು. ತುಣುಕು ಒತ್ತಿದರೆ ಪಾತ್ರ ಏನು ಹೇಳುತ್ತದೋ ಅಂತ ಕಾದು ನೋಡಬೇಕು! ಕೊನೆಗೆ ಪೂರ್ತಿ ಸಾಲು ತೋರಿಸುವ ಮಾಡ್, ಅಂದರೆ ಆಟಕ್ಕೆ ಹೊರಗಿನಿಂದ ಹಾಕುವ ತಿದ್ದುಪಡಿ, ಅದನ್ನು ಆಡುವವರೇ ಮಾಡಿಕೊಂಡರು. 2023ರ ಸ್ಟಾರ್‌ಫೀಲ್ಡ್‌ಗೆ ಬರುವಷ್ಟರಲ್ಲಿ ಅದೇ ಬೆಥೆಸ್ಡಾ ನಾಯಕನ ಧ್ವನಿ ತೆಗೆದು ಪೂರ್ತಿ ಸಾಲುಗಳಿಗೆ ವಾಪಸ್ ಬಂದಿತ್ತು.

ಹಾಗಂತ ಧ್ವನಿಯನ್ನು ಬೈದುಕೊಂಡು ಓಡಾಡಬೇಡ. 2011ರ ಡ್ರ್ಯಾಗನ್ ಏಜ್ 2ರ ನಾಯಕ ಹಾಕ್‌ಗೆ ಧ್ವನಿ ಇದೆ. ನೀನು ಜಾಸ್ತಿ ತಮಾಷೆಯ ಉತ್ತರ ಆರಿಸುತ್ತಾ ಹೋದರೆ, ನೀನು ಆರಿಸದ ಸಾಲುಗಳಲ್ಲೂ ಹಾಕ್ ತಮಾಷೆಯಾಗಿಯೇ ಮಾತಾಡತೊಡಗುತ್ತಾನೆ. ಸದಾ ಸಿಡುಕಿದರೆ ತಾನಾಗಿ ಸಿಡುಕುತ್ತಾನೆ. ಆಟ ಅಷ್ಟು ಹೊತ್ತು ನಿನ್ನನ್ನು ಕೇಳಿಸಿಕೊಂಡು ಕೂತಿತ್ತು ಅಂತಾಯಿತಲ್ವಾ? ಅದರ ಬೇರೆ ವಿಷಯದಲ್ಲಿ ನನಗೆ ತಕರಾರು ಬೇಕಾದಷ್ಟಿದೆ, ಇದೊಂದನ್ನು ಮಾತ್ರ ಮೆಚ್ಚುತ್ತೇನೆ.

ಇನ್ನು ನಿನ್ನ ಗುಮಾಸ್ತನ ದೃಶ್ಯ. ಮೊಮ್ಮಗಳು ಕೌಂಟರಿನ ಮುಂದೆ ನಿಂತಿದ್ದಾಳೆ. ಅವನು ಯಾರ ಮನೆಯವಳು ಅಂತ ಕೇಳುತ್ತಾನೆ. ಮೂರು ಉತ್ತರ ಕೊಟ್ಟಿದ್ದೀಯ, ಮೂರಕ್ಕೂ ಅವನು ನಾಳೆ ಬಾ ಅನ್ನುತ್ತಾನೆ, ಒಂದೇ ಸಾಲು ನಕಲು ಮಾಡಿ ಅಂಟಿಸಿದ್ದೀಯ. ಇದು ಸೋಮಾರಿತನ. ನಾಳೆ ಬಾ ಅನ್ನುವುದನ್ನು ಬದಲಾಯಿಸು ಅಂತ ಹೇಳುತ್ತಿಲ್ಲ, ಅಂಥ ಕಚೇರಿಯಲ್ಲಿ ಅದು ಬದಲಾಗುವುದೂ ಇಲ್ಲ. 1995ರ ಕ್ರೋನೋ ಟ್ರಿಗರ್‌ನಲ್ಲಿ ಒಂದು ವಿಚಾರಣೆ ಬರುತ್ತದೆ. ನಾಯಕ ಕ್ರೋನೋ ಮಾತಾಡುವುದಿಲ್ಲ. ಆದರೆ ಮೊದಲು ಜಾತ್ರೆಯಲ್ಲಿ ಅವನು ಏನೇನು ಮಾಡಿದ ಅನ್ನುವುದೆಲ್ಲ ಕೋರ್ಟಿನಲ್ಲಿ ಎದ್ದು ನಿಲ್ಲುತ್ತದೆ. ಮುದುಕನ ಬುತ್ತಿ ಕದ್ದು ತಿಂದನಾ? ಡಿಕ್ಕಿ ಹೊಡೆದು ಬಿದ್ದ ಹುಡುಗಿಯನ್ನು ಮಾತಾಡಿಸುವ ಮೊದಲು ಅವಳ ಪದಕ ಎತ್ತಿಕೊಂಡನಾ? ಪುಟ್ಟ ಹುಡುಗಿಯ ಕಳೆದುಹೋದ ಬೆಕ್ಕನ್ನು ತಂದುಕೊಟ್ಟನಾ? ಆಟಗಾರ ಅಷ್ಟರಲ್ಲಿ ಅದನ್ನೆಲ್ಲ ಮರೆತಿರುತ್ತಾನೆ. ಜ್ಯೂರಿಯವರು ಒಬ್ಬೊಬ್ಬರಾಗಿ ತೀರ್ಪು ಕೊಡುತ್ತಾರೆ. ತಮಾಷೆ ಏನು ಗೊತ್ತಾ, ನಿರ್ದೋಷಿ ಅಂತ ತೀರ್ಪಾದರೂ ಅವನಿಗೆ ಜೈಲು ತಪ್ಪುವುದಿಲ್ಲ. ಕಥೆ ಹೋಗಬೇಕಾದಲ್ಲಿಗೇ ಹೋಗುತ್ತದೆ. ಆದರೂ ಆಡಿದವರು ಆ ಕೋರ್ಟನ್ನು ಮರೆಯುವುದಿಲ್ಲ.

ನಿನ್ನ ಗುಮಾಸ್ತನೂ ನಾಳೆ ಬಾ ಅನ್ನಲಿ, ಆದರೆ ಮೂರು ಉತ್ತರಕ್ಕೆ ಮೂರು ಥರ ಅನ್ನಲಿ. ಅಜ್ಜಿಯ ಹೆಸರು ಹೇಳಿದರೆ ಅವನಿಗೆ ಏನಾದರೂ ನೆನಪಾಗಲಿ. ಜಗಳಕ್ಕೆ ನಿಂತರೆ ಫೈಲು ಕೆಳಕ್ಕೆ ಹೋಗಲಿ. ನಾಲ್ಕನೆಯದೊಂದು ಸೇರಿಸು, ‘ಏನೂ ಹೇಳದೆ ನಿಲ್ಲು’ ಅಂತ. ಅಲ್ಲಿ ಆ ಪ್ರಶ್ನೆಯ ಅರ್ಥ ಜಾತಿ ಯಾವುದು ಅಂತ ತಾನೇ? ಉತ್ತರ ಕೊಡದೆ ನಿಲ್ಲುವ ಹಕ್ಕು ಅವಳಿಗಿರಲಿ, ಮತ್ತು ಅವಳು ನಿಂತದ್ದನ್ನು ಅವನು ಮರುದಿನವೂ ಮರೆಯದಿರಲಿ. ಹಿನ್ನೀರು ದಾಟುವ ಲಾಂಚಿನಲ್ಲಿ ಅಜ್ಜಿ ತನ್ನ ಮುಳುಗಿದ ಗದ್ದೆಯ ಮೇಲೆ ದಾಟಿ ಹೋಗುವಾಗ ಭತ್ತದ ರೇಟು ಕೇಳುತ್ತಾಳಲ್ಲ, ಆ ಸಾಲು ಬರೆದವನಿಗೆ ಇದು ಕಷ್ಟವಲ್ಲ. ಆ ಸಾಲನ್ನು ಮುಟ್ಟಿದರೆ ನಿನ್ನ ಕೈ ಮುರಿಯುತ್ತೇನೆ.

ಸ್ಕ್ರಿಪ್ಟ್ ಪೂರ್ತಿ ತಿದ್ದಿ ಕಳಿಸಬೇಡ, ನನಗೆ ಕಣ್ಣು ಸಾಲದು. ಗುಮಾಸ್ತನ ದೃಶ್ಯ ಒಂದೇ ಕಳಿಸು, ಅಕ್ಷರ ಸ್ವಲ್ಪ ದಪ್ಪ ಮಾಡಿ. ಗೆಳೆಯರಿಗೆ ಸದ್ಯಕ್ಕೆ ತೋರಿಸಬೇಡ.

ನಿನ್ನ,
ಅಕ್ಕ