ಈ ವಾರ ಗೋ: ಅದೇ ಕೆಆರ್‌ಎಸ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಪ್ರೋಗ್ರಾಮಿಂಗ್ ಭಾಷೆ ಬದಲಾದರೂ ನಮ್ಮ ಪ್ರಾಜೆಕ್ಟ್ ಅದೇ. ದಿನಾಂಕ, ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ ಇರುವ ಸಿಎಸ್‌ವಿ ಫೈಲ್ (ಸಾಲು ಸಾಲಾಗಿ, ಅಲ್ಪವಿರಾಮ ಹಾಕಿ ಬರೆದ ಮಾಹಿತಿ) ಓದಿ, ಗರಿಷ್ಠ 124.80 ಅಡಿಗೆ ಇನ್ನೆಷ್ಟು ಬಾಕಿ ಅಂತ ತೋರಿಸಬೇಕು. ಪೈಥಾನ್ ಮುಗೀತು, ಈ ವಾರ ಗೋ, ಆಮೇಲೆ ರಸ್ಟ್. ಲೆಕ್ಕ ಗೊತ್ತಿರೋದರಿಂದ ತಲೆ ಪೂರ್ತಿ ಭಾಷೆ ಕಡೆಗೇ ಇರುತ್ತೆ.

ಒಂದು ಸಾಲಿನಲ್ಲಿ ಅಡಿ ಬರೆಯದೆ ಬೇಕಂತಲೇ ಖಾಲಿ ಬಿಡಿ. ಮಜಾ ಇರೋದೇ ಅಲ್ಲಿ. ಪೈಥಾನ್ ಓಡುತ್ತಿರುವಾಗಲೇ ಎಡವಿ ಬೀಳುತ್ತೆ. ಗೋ ಸಂಖ್ಯೆಯ ಜೊತೆಗೆ ದೋಷವನ್ನೂ ಕೈಗಿಡುತ್ತೆ, ನೋಡೋದು ನಮ್ಮ ಕೆಲಸ. ರಸ್ಟ್ ಅಂತೂ ‘ರಿಸಲ್ಟ್’ (ಒಳಗೆ ಸಂಖ್ಯೆ ಇಲ್ಲವೇ ದೋಷ ಇರುವ ಪೊಟ್ಟಣ) ಬಿಚ್ಚದೆ ಸಂಖ್ಯೆ ಮುಟ್ಟೋಕೇ ಬಿಡಲ್ಲ (ನನ್ನ ಎರಡು ಸಂಜೆ ಅದಕ್ಕೇ ಹೋಯ್ತು).

ಎಐ ಹತ್ರ ಬರೆಸಿ ಹಾಕಬೇಡಿ. ಸ್ಕ್ರೀನ್‌ಶಾಟ್ ಬೇಡ, ಕೋಡ್‌ನ ಲಿಂಕ್ ಕೊಡಿ. ಭಾನುವಾರ ಬೆಳಿಗ್ಗೆ 8ಕ್ಕೆ ಕುಕ್ಕರಹಳ್ಳಿ ಕೆರೆ ಗೇಟ್ ಹತ್ರ ಸಿಗೋಣ, ಲ್ಯಾಪ್‌ಟಾಪ್ ಚಾರ್ಜ್ ಮಾಡ್ಕೊಂಡು ಬನ್ನಿ.