ಮುಂದಿನ ತಿಂಗಳಿನಿಂದ ನಮ್ಮ ಅಂಗಡಿಯಲ್ಲಿ ಏನಿರುತ್ತದೆ, ಏನಿರುವುದಿಲ್ಲ

ಸದಸ್ಯರು ಹಾಗೂ ಗ್ರಾಹಕ ಬಂಧುಗಳೆ, ನಮಸ್ಕಾರ.

ಮೈಸೂರಿನ ರಿಂಗ್ ರಸ್ತೆ ಬದಿಗೆ ದೊಡ್ಡ ಮಳಿಗೆ ಬರುತ್ತಿದೆ, ಸಂಘದಿಂದ ತಕರಾರು ಅರ್ಜಿ ಹಾಕಿ ಎಂದು ಹಲವರು ಕೇಳಿದಿರಿ. ಹಾಕುತ್ತಿಲ್ಲ. ವಿದೇಶಿ ಬಂಡವಾಳದ ಬಹು ಬ್ರ್ಯಾಂಡ್ ಚಿಲ್ಲರೆ ಮಳಿಗೆಗಳಿಗೆ 2012ರ ಕೇಂದ್ರ ನೀತಿಯಲ್ಲಿ ಬಿಗಿ ಷರತ್ತುಗಳಿವೆ: ವಿದೇಶಿ ಪಾಲಿಗೆ 51 ಪ್ರತಿಶತದ ಮಿತಿ, ರಾಜ್ಯದ ಒಪ್ಪಿಗೆ, 2011ರ ಜನಗಣತಿಯಲ್ಲಿ 10 ಲಕ್ಷ ದಾಟಿದ ಊರು (2013ರಿಂದ ರಾಜ್ಯ ಸರ್ಕಾರ ಆರಿಸಿದ ಬೇರೆ ಊರೂ ಆಗಬಹುದು). ಮೈಸೂರು ಆ 10 ಲಕ್ಷದ ಗೆರೆ ದಾಟಿರಲಿಲ್ಲ. ಆದರೆ ಸ್ವದೇಶಿ ಕಂಪನಿಗೆ ಇದ್ಯಾವುದೂ ಅನ್ವಯಿಸದು. ಭೂಬಳಕೆ, ಕಟ್ಟಡದ ನಕ್ಷೆ, ಪಾಲಿಕೆಯ ಟ್ರೇಡ್ ಲೈಸೆನ್ಸ್ ಸರಿಯಿದ್ದರೆ ಬಾಗಿಲು ತೆರೆಯಬಹುದು, ತೆರೆಯಲಿ. ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ನೆಲಮಾಳಿಗೆ ಆಮೇಲೆ ಗೋದಾಮಾಗದಂತೆ, ಮಾಲಿಳಿಸುವ ಲಾರಿ ರಸ್ತೆಯಲ್ಲಿ ನಿಲ್ಲದಂತೆ ನೋಡಿಕೊಳ್ಳಿ ಎಂದಷ್ಟೇ ಪಾಲಿಕೆಗೆ ಬರೆದಿದ್ದೇವೆ.

ಬದಲಾಗುವುದು ನಮ್ಮ ಕಪಾಟು. ಸೋಪು, ಸೋಪಿನ ಪುಡಿ, ಶಾಂಪೂ, ಬಿಸ್ಕತ್ತಿನ ದೊಡ್ಡ ಪ್ಯಾಕುಗಳನ್ನು 1ನೇ ತಾರೀಖಿನಿಂದ ತರಿಸುವುದಿಲ್ಲ. ಎಂಆರ್‌ಪಿ 100 ರೂಪಾಯಿ ಇರುವ ಮಾಲು ವಿತರಕರಿಂದ ನಮಗೆ ಬರುವುದೇ 90ರ ಆಸುಪಾಸಿಗೆ. ದೊಡ್ಡ ಮಳಿಗೆಯವರು ಕಂಪನಿಯಿಂದ ನೇರ ಕೊಳ್ಳುತ್ತಾರೆ, ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟಿದ್ದಕ್ಕೂ ಕಂಪನಿಯಿಂದ ದುಡ್ಡು ಪಡೆಯುತ್ತಾರೆ. ಅವರಿಗೆ 88ಕ್ಕೆ ಮಾರಿದರೂ ಗಿಟ್ಟುತ್ತದೆ, ನಾವು ಕೈಯಿಂದ ಹಾಕಬೇಕು. ಇವನ್ನು ಅಲ್ಲೇ ಕೊಳ್ಳಿ, ನಮಗೆ ಬೇಜಾರಿಲ್ಲ. ತೂಕ ಮಾತ್ರ ಓದಿ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಅಷ್ಟೇ ದೊಡ್ಡದಾದ ಕವರಿನಲ್ಲಿ 850 ಅಥವಾ 800 ಗ್ರಾಂ ಇರುವುದೂ ಉಂಟು.

ತೆರವಾದ ಜಾಗಕ್ಕೆ ಬಿಡಿ ಧಾನ್ಯ ಬರುತ್ತದೆ: ಕಲಬುರಗಿ ತೊಗರಿಬೇಳೆ, ಸೋನಾ ಮಸೂರಿ, ರಾಗಿ, ಹುರುಳಿ, ಅವರೆ. ಖರೀದಿ ಬಂಡಿಪಾಳ್ಯ ಎಪಿಎಂಸಿ ಮತ್ತು ಸಂತೇಪೇಟೆಯಿಂದ. ಬೆಲೆಯಲ್ಲಿ ನಾವು ಎದುರು ನಿಲ್ಲಬಹುದಾದದ್ದು ಇಲ್ಲೇ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ 25 ಕಿಲೋವರೆಗಿನ ಅಕ್ಕಿ, ಬೇಳೆಗೆ 5 ಪ್ರತಿಶತ ಜಿಎಸ್‌ಟಿ ಇದೆ, ಬಿಡಿಯಾಗಿ ತೂಗಿ ಕೊಟ್ಟರೆ ಇಲ್ಲ. (ಪೇಟೆಯಲ್ಲಿ 26 ಕಿಲೋ ಅಕ್ಕಿ ಮೂಟೆ ಹುಟ್ಟಿಕೊಂಡ ಗುಟ್ಟೂ ಇದೇ.) ಆದ್ದರಿಂದ ಮುಂಚಿತವಾಗಿ ಪೊಟ್ಟಣ ಕಟ್ಟಿಡುವುದಿಲ್ಲ, ನಿಮ್ಮೆದುರೇ ತೂಗುತ್ತೇವೆ. ಸಂಜೆ ಆರರಿಂದ ಎಂಟರವರೆಗೆ ಸ್ವಲ್ಪ ಕಾಯಬೇಕಾದೀತು.

ಡಬ್ಬಿ ಮನೆಯಿಂದ ತನ್ನಿ. ಖಾಲಿ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ‘ಟೇರ್’ ಗುಂಡಿ ಒತ್ತಿದಾಗ ಸೊನ್ನೆ ಬರಬೇಕು. ಬಂದ ಮೇಲೇ ಕಾಳು ಸುರಿಯಲು ಬಿಡಿ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುತ್ತದೆ, ನೋಡಿಕೊಳ್ಳಿ. ತೊಳೆದು ಪೂರ್ತಿ ಒಣಗದ ಡಬ್ಬಿಗೆ ಮಾತ್ರ ಹಾಕಿಸಬೇಡಿ. ತಳದ ಪಸೆ ಸಾಕು, ಬೇಳೆ ಮುಗ್ಗಲು ಹಿಡಿಯುತ್ತದೆ, ಮಳೆಗಾಲದಲ್ಲಿ ನುಸಿಯೂ ಬೇಗ. ತಿಂಗಳಿಗೆ ಆಗುವಷ್ಟೇ ಒಯ್ಯುವುದು ಮೇಲು. ಅಕ್ಕಿ ಚೀಲದ ಮೇಲೆ ಹಳೆಯದೋ ಹೊಸದೋ ಎಂದು ಬರೆದಿರುತ್ತೇವೆ. ಹೊಸ ಅಕ್ಕಿಗೆ ಲೋಟಕ್ಕೆ ಅರ್ಧ ಲೋಟ ನೀರು ಕಡಿಮೆ ಇಡಿ, ಇಲ್ಲವಾದರೆ ಅನ್ನ ಮುದ್ದೆಯಾಗುತ್ತದೆ.

ಅರಿಶಿನ ಪುಡಿ, ಖಾರದ ಪುಡಿಗಳನ್ನು ಬಿಡಿಯಾಗಿ ಕೇಳಬೇಡಿ. ಮಸಾಲೆ ಪುಡಿಯನ್ನು ಪ್ಯಾಕ್ ಮಾಡದೆ ಮಾರುವುದಕ್ಕೆ ಆಹಾರ ಸುರಕ್ಷತಾ ನಿಯಮದಲ್ಲಿ ನಿಷೇಧವಿದೆ, ಕಲಬೆರಕೆ ಸುಲಭವೆಂಬ ಕಾರಣಕ್ಕೆ. ಇಡೀ ಮೆಣಸಿನಕಾಯಿ, ಕೊತ್ತಂಬರಿ ಬೀಜ ಸಿಗುತ್ತವೆ. ಸಾರಿನ ಪುಡಿಗೆ ಮುಕ್ಕಾಲು ಪಾಲು ಬ್ಯಾಡಗಿ, ಕಾಲು ಪಾಲು ಗುಂಟೂರು ಕೊಂಡು ಮಿಲ್ಲಿಗೆ ಕೊಟ್ಟರೆ ಬಣ್ಣವೂ ಖಾರವೂ ಹದವಾಗಿರುತ್ತವೆ.

ಉದ್ದರಿ ಪುಸ್ತಕ ಹಾಗೇ ಮುಂದುವರಿಯುತ್ತದೆ, ಆದರೆ ಬಾಕಿಯನ್ನು 10ನೇ ತಾರೀಖಿನೊಳಗೆ ಚುಕ್ತಾ ಮಾಡಿ. ಎಪಿಎಂಸಿಯಲ್ಲಿ ನಮಗೆ ಸಾಲ ಸಿಗುವುದಿಲ್ಲ. ಉಳಿದಿರುವ ಸೋಪು, ಶಾಂಪೂ ಈ ತಿಂಗಳ ಕೊನೆಯವರೆಗೆ ನಾವು ಕೊಂಡ ಬೆಲೆಗೇ ಸಿಗುತ್ತವೆ.

ಇಂತಿ,
ಕಾರ್ಯದರ್ಶಿ ಮತ್ತು ಆಡಳಿತ ಮಂಡಳಿ