ಅಂಗೈಯಗಲದ ಜೆಫರ್ಸನ್

ಪ್ರಿಯ ಗೆಳೆಯ,

ಎರಡು ಡಾಲರ್ ನೋಟಿನ ಹಿಂಬದಿಯಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಒಪ್ಪಿಸುತ್ತಿರುವ ಎತ್ತರದ ಮನುಷ್ಯನನ್ನು ನೀನು ನೋಡಿರುತ್ತೀಯ. ಅವನೇ ಥಾಮಸ್ ಜೆಫರ್ಸನ್, ಆ ಕರಡನ್ನು ಬರೆದವನು, ಮುಂದೆ ಅಮೆರಿಕದ ಅಧ್ಯಕ್ಷನಾದವನು. ಅಮೆರಿಕದ ಚಿತ್ರಕಾರ ಜಾನ್ ಟ್ರಂಬುಲ್ ರಚಿಸಿದ ಆ ದೃಶ್ಯ ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದಲ್ಲಿ 12 ಅಡಿ ಎತ್ತರಕ್ಕೆ ಗೋಡೆ ತುಂಬಿದೆ. ಆದರೆ ಆ ಮುಖ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. 1787ರ ಚಳಿಗಾಲದಲ್ಲಿ ಜೆಫರ್ಸನ್ ಅಲ್ಲಿ ರಾಯಭಾರಿಯಾಗಿದ್ದಾಗ, ಅವನನ್ನು ಎದುರಿಗೆ ಕೂರಿಸಿಕೊಂಡು ಟ್ರಂಬುಲ್ ಆ ದೃಶ್ಯದ ಎರಡೂವರೆ ಅಡಿ ಅಗಲದ ಮೊದಲ ಕ್ಯಾನ್ವಾಸಿನ ಮೇಲೆ ಅದನ್ನು ಮೂಡಿಸಿದ.

ಆ ಮುಖದಿಂದಲೇ 1788ರಲ್ಲಿ ಮೂರು ಕಿರುಭಾವಚಿತ್ರಗಳಾದವು. ಒಂದು ಮಗಳು ಮಾರ್ಥಾಳಿಗೆ. ಇನ್ನೊಂದು ಏಂಜೆಲಿಕಾ ಚರ್ಚ್‌ಳಿಗೆ. ಮುಂದೆ ರಾಜಕೀಯದಲ್ಲಿ ಜೆಫರ್ಸನ್ನನ ಕಡು ಎದುರಾಳಿಯಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನ ಹೆಂಡತಿಯ ಅಕ್ಕ ಅವಳು. ಮೂರನೆಯದು ಮರಿಯಾ ಕಾಸ್ವೇಗೆ. ಅವಳೂ ಚಿತ್ರಕಾರ್ತಿ, ಗಂಡ ರಿಚರ್ಡ್ ಲಂಡನ್ನಿನ ಹೆಸರಾಂತ ಕಿರುಭಾವಚಿತ್ರಕಾರ. ಬಲಗೈ ಮಣಿಕಟ್ಟಿಗೆ ಪೆಟ್ಟಾಗಿದ್ದರೂ ಎಡಗೈಯಲ್ಲೇ ಜೆಫರ್ಸನ್ 1786ರಲ್ಲಿ ತಲೆಗೂ ಹೃದಯಕ್ಕೂ ನಡೆದ ಸಂವಾದದ ಒಂದು ದೀರ್ಘ ಪತ್ರವನ್ನು ಬರೆದದ್ದು ಇವಳಿಗೇ. ಆಕೆಯ ಪ್ರತಿ ಇಟಲಿಯ ಲೋದಿಯಲ್ಲಿ, ಅವಳೇ ಕಟ್ಟಿದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಳಿದಿತ್ತು. 1976ರಲ್ಲಿ ಇಟಲಿ ಅದನ್ನು ಅಮೆರಿಕಕ್ಕೆ ಉಡುಗೊರೆ ಕೊಟ್ಟಿತು, ಈಗ ಶ್ವೇತಭವನದಲ್ಲಿದೆ.

ಎಲ್ಲರ ಎದುರು ನಿಂತ ನಾಯಕನಿಗಿಂತ ಈ ಪುಟ್ಟ ಮುಖವೇ ನನಗೆ ಹತ್ತಿರದ್ದೆನಿಸುತ್ತದೆ. ಒಬ್ಬರ ಕೈಗೆಂದೇ ಮಾಡಿದ ಚಿತ್ರ ಅದು. ಆದರೂ ಒಂದು ನೋವು ಬಿಡುವುದಿಲ್ಲ. ಅದೇ ಹೊತ್ತಿಗೆ, ಅದೇ ಪ್ಯಾರಿಸ್ ಮನೆಯಲ್ಲಿ ಅವನ ಗುಲಾಮಳಾಗಿ ಸ್ಯಾಲಿ ಹೆಮಿಂಗ್ಸ್ ಎಂಬ ಹದಿಹರೆಯದ ಹುಡುಗಿ ಇದ್ದಳು. ಮುಂದೆ ಅವಳು ಹೆತ್ತ ಮಕ್ಕಳಿಗೆ ಅವನೇ ತಂದೆ ಎಂದು ಇಂದಿನ ಬಹುತೇಕ ಇತಿಹಾಸಕಾರರು ಒಪ್ಪುತ್ತಾರೆ. ಅವನ ಮುಖಕ್ಕೆ ಮೂರು ಪ್ರತಿ. ಅವಳದೊಂದು ಚಿತ್ರವೂ ಉಳಿದಿಲ್ಲ. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದವನ ಮನೆಯ ಮಾತಿದು. ಚಿತ್ರವನ್ನು ಮೆಚ್ಚುವಾಗ ಇದನ್ನು ಬದಿಗಿಡಲು ನನ್ನಿಂದಾಗದು.

ನೀನು ಬಣ್ಣದ ಕೆಲಸ ಬಲ್ಲವನು, ಅದಕ್ಕೇ ಕೇಳುತ್ತೇನೆ. ಆಗಿನ ಕಿರುಭಾವಚಿತ್ರಕಾರರು ಸಾಮಾನ್ಯವಾಗಿ ದಂತದ ತೆಳು ಹಾಳೆಯ ಮೇಲೆ ಜಲವರ್ಣ ಬಳಸುತ್ತಿದ್ದರು; ಚರ್ಮದ ಹೊಳಪು ದಂತದಿಂದಲೇ ಬರುತ್ತಿತ್ತು. ಟ್ರಂಬುಲ್ ಹಿಡಿದದ್ದು ಮಹಾಗನಿ ಹಲಗೆ, ಎಣ್ಣೆಬಣ್ಣ. ಏಂಜೆಲಿಕಾಳ ಪ್ರತಿ ನಾಲ್ಕೂವರೆ ಇಂಚು ಎತ್ತರ, ಮೂರೂಕಾಲು ಇಂಚು ಅಗಲ. ಬಾಲ್ಯದಲ್ಲೇ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡವನು ಕೆಂಗಂದು ಮರದ ಮೇಲೆ ಆ ಕೆನ್ನೆಯ ಕೆಂಪನ್ನು ಹೇಗೆ ತಂದ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಜಾಲತಾಣದಲ್ಲಿ ಅದರ ಚಿತ್ರವಿದೆ. ದೊಡ್ಡದು ಮಾಡಿ ನೋಡಿ, ಬಿಡುವಾದಾಗ ಉತ್ತರ ಬರೆ.

ನಿನ್ನ ಗೆಳೆಯ